ಇನ್ನೊಂದ್ಸಲ ಮೇಡಂ

ಬೆಳಿಗ್ಗೆ ಏಳು ಗಂಟೆ ಐವತ್ತು ನಿಮಿಷಕ್ಕೆ ಅವರು ಮಕ್ಕಳ ವಾರ್ಡಿನ ಬಾಗಿಲ ಬಳಿ ತೂಕದ ಯಂತ್ರದ ಮೇಲೆ ನಿಂತಿದ್ದರು. ಮುಳ್ಳು ನಿಲ್ಲುವ ತನಕ ಉಸಿರು ಬಿಗಿಹಿಡಿದು ನೋಡಿದರು, ಇಳಿದರು, ಮತ್ತೆ ಹತ್ತಿದರು. ಆ ವಾರವಷ್ಟೇ ಕೆಲಸಕ್ಕೆ ಸೇರಿದ್ದ ಕಿರಿಯ ಡಾಕ್ಟರೊಬ್ಬರು, ಹಿರಿಯರನ್ನು ಸಂತೋಷಪಡಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು ಎಂದುಕೊಂಡು, ಮೇಡಂ ತೆಳ್ಳಗೇ ಇದ್ದಾರೆ, ಚಿಂತೆಗೆ ಕಾರಣವೇ ಇಲ್ಲ ಎಂದು ಧೈರ್ಯ ಹೇಳಿದರು. ಅವರು ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ.

"ನನ್ನನ್ನ ತೂಗಿಕೊಳ್ತಾ ಇಲ್ಲಪ್ಪ, ಇದನ್ನ ತೂಗ್ತಾ ಇದ್ದೀನಿ."

ಅವರ ತೂಕ ಎಷ್ಟೋ ವರ್ಷಗಳಿಂದ ಅಲ್ಲಾಡಿರಲಿಲ್ಲ. ಆದ್ದರಿಂದ ಯಾವ ಮಹಡಿಯ ಯಂತ್ರ ಸುಳ್ಳು ಹೇಳುತ್ತಿದೆ ಎಂದು ಪತ್ತೆ ಮಾಡಲು ತಮ್ಮ ದೇಹಕ್ಕಿಂತ ನಂಬಿಕಸ್ಥ ತೂಕದ ಬಟ್ಟು ಇನ್ನೊಂದಿಲ್ಲ ಎಂಬುದು ಅವರ ಲೆಕ್ಕಾಚಾರ. ಮಗುವಿಗೆ ಕೊಡುವ ಔಷಧಿಯ ಪ್ರಮಾಣ ಅದರ ತೂಕದ ಮೇಲೆ ನಿಂತಿರುತ್ತದೆ. ಯಂತ್ರ ಹಾದಿ ತಪ್ಪಿದರೆ ಔಷಧಿಯೂ ತಪ್ಪುತ್ತದೆ.

ಮೂಲತಃ ಅವರು ಮೂತ್ರಪಿಂಡದ ಡಾಕ್ಟರು. ಆ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ನಾವು ಅವರನ್ನು ಕಾಣುವ ಹೊತ್ತಿಗೆ ರೋಗಿಗಳನ್ನೆಲ್ಲ ಶಿಷ್ಯರಿಗೆ ಒಪ್ಪಿಸಿ, ಆಸ್ಪತ್ರೆಯ ಸಂಶೋಧನಾ ವಿಭಾಗದ ಮುಖ್ಯಸ್ಥೆಯಾಗಿದ್ದರು. ಹೊಸ ಔಷಧಿಯೊಂದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ತಿಳಿಯಬೇಕಾದರೆ, ಒಪ್ಪಿದ ರೋಗಿಗಳಲ್ಲಿ ಅರ್ಧ ಜನಕ್ಕೆ ಅದನ್ನೂ ಉಳಿದರ್ಧಕ್ಕೆ ಅದರಂತೆಯೇ ಕಾಣುವ ಬರೀ ಹಿಟ್ಟಿನ ಕ್ಯಾಪ್ಸೂಲನ್ನೂ ಕೊಟ್ಟು, ಯಾರಿಗೆ ಯಾವುದು ಹೋಯಿತೆಂದು ರೋಗಿಗೂ ಡಾಕ್ಟರಿಗೂ ಕೊನೆಯ ತನಕ ಗೊತ್ತಾಗದಂತೆ ನೋಡಿಕೊಳ್ಳಬೇಕು. ಹೃದಯದವರಿರಲಿ, ಕಣ್ಣಿನವರಿರಲಿ, ಮೂಳೆಯವರಿರಲಿ, ಇಂಥ ಪ್ರಯೋಗ ಮಾಡಬಯಸುವ ಪ್ರತಿಯೊಬ್ಬ ತಜ್ಞರೂ ಅವರ ಕೋಣೆಯ ಬಾಗಿಲು ದಾಟಿಯೇ ಹೋಗಬೇಕಿತ್ತು. ದಾಟಿದವರೆಲ್ಲ ಒಂದೇ ಮಾತು ಕೇಳಿಸಿಕೊಂಡು ಹೊರಬರುತ್ತಿದ್ದರು. ಮೊದಲು "ಹಾಗಂತೀರಾ?" ಎಂಬ ಪ್ರಶ್ನೆ, ಆಮೇಲೆ ಸಣ್ಣದೊಂದು ಮೌನ, ಅದರ ಬೆನ್ನಿಗೇ "ಇನ್ನೊಂದ್ಸಲ ನೋಡೋಣ." ಹೀಗೆ ಆ ಹೆಸರು ಅಂಟಿಕೊಂಡಿತು. ಅವರ ಬೆನ್ನ ಹಿಂದೆ ಅವರು ಇನ್ನೊಂದ್ಸಲ ಮೇಡಂ. ಎದುರಿಗೆ ಬರೀ ಮೇಡಂ. ಈ ಹೆಸರು ಅವರಿಗೂ ಗೊತ್ತಿತ್ತು ಎಂಬುದು ನಮಗೆ ಗೊತ್ತಾದದ್ದು, ಒಮ್ಮೆ ದೂರವಾಣಿಯಲ್ಲಿ ಅವರೇ "ನಾನು ಇನ್ನೊಂದ್ಸಲ ಮಾತಾಡ್ತಾ ಇರೋದು" ಎಂದು ಗಂಭೀರವಾಗಿ ಪರಿಚಯ ಹೇಳಿಕೊಂಡಾಗ.

ಅವರ ಬಿಳಿಯ ಕೋಟು ಅವರಿಗಿಂತ ಒಂದು ಅಳತೆ ದೊಡ್ಡದು. ತೋಳುಗಳನ್ನು ಮೊಣಕೈ ತನಕ ಮಡಿಸಿ ಮಡಿಸಿ ಅಲ್ಲೊಂದು ದಪ್ಪ ಬಳೆ ತೊಟ್ಟಂತೆ ಕಾಣುತ್ತಿತ್ತು. ಬಲ ಮಂಡಿ ನೋಯುತ್ತಿದ್ದುದರಿಂದ ಕಾರಿಡಾರಿನಲ್ಲಿ ಅವರು ನಡೆಯುತ್ತಿದ್ದುದು ಗೋಡೆಯ ಪಕ್ಕದಲ್ಲಿ, ಎರಡು ಬೆರಳನ್ನು ಗೋಡೆಗೆ ತಾಗಿಸಿಕೊಂಡು. ಅವಸರವೆಂಬುದು ಆ ನಡಿಗೆಯಲ್ಲಿ ಎಂದೂ ಇರಲಿಲ್ಲ. ಗಣಿತದ ಮೇಷ್ಟ್ರಾಗಿದ್ದ ಅವರ ಯಜಮಾನರು ಹೆಂಡತಿಯ ಈ ಸ್ವಭಾವದ ಬಗ್ಗೆ ಕೇಳಿದವರಿಗೆಲ್ಲ ಒಂದು ಕತೆ ಹೇಳುತ್ತಿದ್ದರು: ಮದುವೆಯಾಗ್ತೀಯಾ ಅಂತ ಕೇಳಿದೆ, ಇನ್ನೊಂದ್ಸಲ ಕೇಳಿ ಅಂದಳು, ನಾನು ಪೆದ್ದ, ಕೇಳಿಬಿಟ್ಟೆ.

ತಜ್ಞರಿಗೆ ಅವರ ಮೇಲೆ ಪ್ರೀತಿಯಷ್ಟೇ ದಿಗಿಲೂ ಇತ್ತು. ಚರ್ಮದ ಡಾಕ್ಟರು ಒಂದು ಮುಲಾಮಿನ ಪವಾಡವನ್ನು ತೋರಿಸಲು ಹಚ್ಚುವ ಮುಂಚಿನ ಮತ್ತು ಹಚ್ಚಿದ ನಂತರದ ಚಿತ್ರಗಳನ್ನು ಮೇಜಿನ ತುಂಬ ಹರಡಿದಾಗ, ಅವರು ಬಹಳ ಹೊತ್ತು ನೋಡಿ, ಮೊದಲಿನವನ್ನೆಲ್ಲ ಹಳದಿ ದೀಪದಡಿಯೂ ಆಮೇಲಿನವನ್ನೆಲ್ಲ ಕಿಟಕಿಯ ಬೆಳಕಿನಲ್ಲಿಯೂ ತೆಗೆದಿರುವುದನ್ನು ಕಂಡುಹಿಡಿದು, ಇದರಲ್ಲಿ ಗುಣವಾಗಿರುವುದು ಬಲ್ಬು ಎಂದರಂತೆ. ಹೃದಯದ ಡಾಕ್ಟರ ವಿಭಾಗದಲ್ಲಿ ಬರೆದ ರಕ್ತದೊತ್ತಡಗಳೆಲ್ಲ ನೂರಿಪ್ಪತ್ತು, ನೂರಮೂವತ್ತು ಎಂದು ಸೊನ್ನೆಯಲ್ಲೇ ಮುಗಿಯುವುದನ್ನು ಕಂಡು, ನಿಮ್ಮ ರೋಗಿಗಳೆಲ್ಲ ಸೇರಿ ಸೊನ್ನೆಗೆ ಹರಕೆ ಹೊತ್ತಿದ್ದಾರಾ ಎಂದು ಕೇಳಿದ್ದರು. ಹೃದಯದ ಡಾಕ್ಟರು ಎರಡು ದಿನ ಮುನಿಸಿಕೊಂಡು, ಮೂರನೆಯ ದಿನ ತಾವೇ ಬಂದು, ಹೊಸದಾಗಿ ಅಳೆಸಿದ ಅಂಕಿಗಳನ್ನು ಮುಂದಿಟ್ಟು ಕಾಫಿ ಕೇಳಿದರು.

ಆದರೆ ಇನ್ನೊಂದ್ಸಲ ಎಂಬ ಆ ಮಂತ್ರವೇ ಒಮ್ಮೆ ಅವರಿಗೆ ಕೈಕೊಟ್ಟಿತು. ಅವರನ್ನು ನಾನು ನೆನೆಯುವುದು ಆ ದಿನದಿಂದ.

ಮೂತ್ರಪಿಂಡದ ದೋಷದಿಂದ ಮೈಯೆಲ್ಲ ಊದಿಕೊಳ್ಳುವ ಮಕ್ಕಳಿರುತ್ತಾರೆ. ಬೆಳಿಗ್ಗೆ ಏಳುವಾಗ ರೆಪ್ಪೆ ತೆರೆಯಲಾರದಷ್ಟು ಊತ. ಅದಕ್ಕೆ ಕೊಡುವ ಹಳೆಯ ಔಷಧಿ ಊತವನ್ನು ಇಳಿಸುತ್ತದೆ, ಆದರೆ ವರ್ಷಗಟ್ಟಲೆ ಕೊಟ್ಟರೆ ಕೆನ್ನೆ ಉಬ್ಬಿಸುತ್ತದೆ, ಎತ್ತರ ಕುಗ್ಗಿಸುತ್ತದೆ. ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ. ಹಳೆಯದನ್ನು ನಿಧಾನವಾಗಿ ಬಿಡಿಸಿ ಮಕ್ಕಳನ್ನು ಊತವಿಲ್ಲದೆ ಇರಿಸಬಲ್ಲ ಹೊಸ ಔಷಧಿಯೊಂದನ್ನು ಪರೀಕ್ಷಿಸಲು ಹೊರಟವರು ಮಕ್ಕಳ ಡಾಕ್ಟರು, ಮೇಡಂ ಅವರ ಹಳೆಯ ಶಿಷ್ಯೆ. ಪ್ರಯೋಗ ಚೆನ್ನಾಗಿ ನಡೆದಿತ್ತು. ಒಂದು ಮಧ್ಯಾಹ್ನ, ಆ ತಿಂಗಳ ಪರೀಕ್ಷೆಗೆ ಮೊದಲು ಬಂದ ಮೂರು ಮಕ್ಕಳ ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣ ಆರನ್ನು ದಾಟಿದೆ ಎಂಬ ವರದಿ ಬಂತು. ಅದು ಐದರೊಳಗಿದ್ದರೆ ಕ್ಷೇಮ. ಅಲ್ಲಿಂದ ಮೇಲೆ ಏರಿದಂತೆಲ್ಲ ಕೈಕಾಲು ಸೋತು, ಹೃದಯ ಹೇಳದೆ ಕೇಳದೆ ತಾಳ ತಪ್ಪಬಹುದು. ಮಕ್ಕಳ ಡಾಕ್ಟರು ಮುಖ ಬಿಳಿಚಿಕೊಂಡು ಓಡಿಬಂದರು. ಕ್ಯಾಪ್ಸೂಲು ನಿಲ್ಲಿಸಿದ್ದಾಯಿತು, ಮೂವರನ್ನೂ ವಾರ್ಡಿನಲ್ಲಿ ಮಲಗಿಸಿದ್ದಾಯಿತು. ಹೃದಯದ ಡಾಕ್ಟರು ತಾವೇ ಬಂದು ಇಸಿಜಿ ತೆಗೆದು, ಗೆರೆಗಳಲ್ಲಿ ಯಾವ ಏರುಪೇರೂ ಕಾಣದೆ, ಹೃದಯಕ್ಕೆ ಇನ್ನೂ ಸುದ್ದಿ ತಲುಪಿಲ್ಲ ಅಂತ ಕಾಣುತ್ತೆ ಎಂದು ತಲೆ ಕೆರೆದುಕೊಂಡರು.

ಮೇಡಂ ಎಂದಿನಂತೆ ಇನ್ನೊಂದ್ಸಲ ಎಂದರು. ಮತ್ತೆ ರಕ್ತ ತೆಗೆದರು, ಪ್ರಯೋಗದ ನಿಯಮದಂತೆ ಮತ್ತೆ ಅದೇ ದೊಡ್ಡ ಪ್ರಯೋಗಾಲಯಕ್ಕೆ, ಊರಿನ ಆಚೆ ತುದಿಗೆ, ವ್ಯಾನಿನಲ್ಲಿ ಕಳಿಸಿದರು. ಮಾರನೆಯ ಬೆಳಿಗ್ಗೆ ಬಂದ ಅಂಕಿ ಮೊದಲಿನದಕ್ಕಿಂತ ತುಸು ಹೆಚ್ಚೇ ಇತ್ತು. ಅದೇ ವಾರ್ಡಿನ ಬೇರೆ ಮಕ್ಕಳಲ್ಲಿ, ಪ್ರಯೋಗದಲ್ಲಿಲ್ಲದ ಮಕ್ಕಳಲ್ಲಿ, ಏನೂ ಇಲ್ಲ. ಇನ್ನೇನು ಬೇಕು? ಆಸ್ಪತ್ರೆಯ ನಿರ್ದೇಶಕರು ಸಂಜೆಗೆ ಸಭೆ ಕರೆದರು: ಯಾರಿಗೆ ಯಾವ ಕ್ಯಾಪ್ಸೂಲು ಎಂಬ ಗುಟ್ಟನ್ನು ಒಡೆದು ಪ್ರಯೋಗವನ್ನು ಅಲ್ಲಿಗೇ ಮುಗಿಸುವುದು. ಮುಗಿಸಿದರೆ ಔಷಧಿ ವಿಷವೆಂದು ತೀರ್ಮಾನವಾದಂತೆ. ಮತ್ತೆ ಯಾರೂ ಅದನ್ನು ಮಕ್ಕಳಿಗಾಗಿ ಮುಟ್ಟುವುದಿಲ್ಲ.

ವಾರ್ಡಿನ ಹೊರಗೆ ಬೆಂಚಿನ ಮೇಲೆ, ಆ ಮೂವರಲ್ಲಿ ಒಬ್ಬಳಾದ ಆರು ವರ್ಷದ ಹುಡುಗಿಯ ತಾಯಿ ಕೂತಿದ್ದಳು. ಗಂಡ ಶಾಲೆಯ ಬಸ್ಸು ಓಡಿಸುವವನು. ನಮ್ಮ ಮಗಳ ಮೇಲೆ ಯಾಕೆ ಪರೀಕ್ಷೆ, ಬೇರೆ ಮಕ್ಕಳಿಲ್ವಾ ಎಂದು ಅವನು ಮೊದಲೇ ತಕರಾರು ತೆಗೆದಿದ್ದನಂತೆ. ನಿನ್ನೆಯಿಂದ ಅವನು ಬಂದಾಗಲೆಲ್ಲ ಮಗಳನ್ನಷ್ಟೇ ಮಾತಾಡಿಸಿ ಹೋಗುತ್ತಿದ್ದುದೇ ಅವಳಿಗೆ ಬೈಗುಳಕ್ಕಿಂತ ಹೆಚ್ಚಾಗಿತ್ತು. ಗೋಡೆ ಹಿಡಿದು ಬರುತ್ತಿದ್ದ ಮೇಡಂ ಅವಳ ಪಕ್ಕದಲ್ಲಿ ಕೂತರು.

"ಸಹಿ ಹಾಕಿದ್ದು ನಾನು, ಡಾಕ್ಟ್ರೇ," ಎಂದಳು ಅವಳು, ತಲೆ ಎತ್ತದೆ. "ಅವರು ಬೇಡ ಅಂದಿದ್ರು. ನನ್ನ ಕೈಯಾರೆ ನಾನೇ ಮಗಳಿಗೆ ವಿಷ ಹಾಕಿಬಿಟ್ನಾ?"

ಹೆದರಬೇಡಿ ಎಂಬ ಮಾತನ್ನು ಮೇಡಂ ಯಾವ ರೋಗಿಗೂ ಹೇಳಿದವರಲ್ಲ. ಹೆದರಬೇಕೋ ಬೇಡವೋ ಗೊತ್ತಾಗುವ ಮುಂಚೆ ಹಾಗೆನ್ನುವುದು ಸುಳ್ಳು ಎಂಬುದು ಅವರ ನಿಲುವು. ಬದಲಿಗೆ, ಮಗು ಬೆಳಿಗ್ಗೆಯಿಂದ ಏನು ಮಾಡುತ್ತಿದ್ದಾಳೆ ಎಂದು ಕೇಳಿದರು. ಮಂಚದಿಂದ ಮಂಚಕ್ಕೆ ಹಾರುತ್ತಿದ್ದಾಳೆ, ನರ್ಸಮ್ಮ ಎರಡು ಸಲ ಬೈದರು ಎಂದು ತಾಯಿ ಅಪರಾಧಿಯಂತೆ ಹೇಳಿದಳು.

"ಹಾಗಂತೀರಾ?" ಎಂದರು ಮೇಡಂ. ಆ ಸಲ ಅದರ ಬೆನ್ನಿಗೆ ಇನ್ನೊಂದ್ಸಲ ಎಂಬ ಮಾತು ಬರಲಿಲ್ಲ.

ಅಲ್ಲಿಂದೆದ್ದು ಅವರು ಹೋದದ್ದು ರಕ್ತ ತೆಗೆಯುವ ನರ್ಸಿನ ಬಳಿಗೆ. ತಪ್ಪು ಹುಡುಕುವವರಂತೆ ಕೇಳಲಿಲ್ಲ. ಸೂಜಿ ಚುಚ್ಚಿದಲ್ಲಿಂದ ಹಿಡಿದು ವ್ಯಾನಿನ ಬಾಗಿಲು ಮುಚ್ಚುವ ತನಕ ಎಲ್ಲವನ್ನೂ ನನ್ನೆದುರಿಗೆ ಮಾಡಿ ತೋರಿಸಮ್ಮ ಎಂದರು. ಆಕೆ ತೋರಿಸಿದಳು. ರಕ್ತದ ಕೊಳವೆಗಳನ್ನು ಒಂದೊಂದಾಗಿ ಐಸ್ ತುಂಬಿದ ಪೆಟ್ಟಿಗೆಯಲ್ಲಿ ಹೂತಳು. ಆ ತಿಂಗಳಿಂದ ಒಂದು ಹಾರ್ಮೋನಿನ ಪರೀಕ್ಷೆ ಹೊಸದಾಗಿ ಸೇರಿತ್ತು, ಅದರ ರಕ್ತವನ್ನು ತಣ್ಣಗೆ ಇಡಲೇಬೇಕು. ಒಂದಕ್ಕೆ ಬೇಕಾದ ತಂಪು ಮಿಕ್ಕವಕ್ಕೂ ಇದ್ದರೆ ಒಳ್ಳೆಯದೇ ಅಲ್ವಾ ಮೇಡಂ ಎಂದಳು ನರ್ಸು. ಮೇಡಂ ಆಕೆ ಹೂತ ಕೊಳವೆಗಳನ್ನು ಒಂದೊಂದಾಗಿ ಐಸಿನಿಂದ ಹೊರತೆಗೆದಿಟ್ಟರು.

ಪೊಟ್ಯಾಸಿಯಂ ಹೆಚ್ಚಾಗಿ ಇರುವುದು ರಕ್ತಕಣಗಳ ಒಳಗೆ. ಅದನ್ನು ಒಳಗೇ ಹಿಡಿದಿಡಲು ಕಣಗಳು ಬಿಡುವಿಲ್ಲದೆ ದುಡಿಯುತ್ತಿರುತ್ತವೆ. ಗಂಟೆಗಟ್ಟಲೆ ಐಸಿನಲ್ಲಿಟ್ಟರೆ ಆ ದುಡಿಮೆ ಮರಗಟ್ಟಿ, ಲವಣ ಮೆಲ್ಲಗೆ ಹೊರಗೆ ಸೋರುತ್ತದೆ. ಸೋರಿದ್ದು ಕೊಳವೆಯಲ್ಲಿ, ಮಗುವಿನ ಮೈಯಲ್ಲಿ ಅಲ್ಲ. ಪ್ರಯೋಗದ ಮಕ್ಕಳ ರಕ್ತ ಮಾತ್ರ ಐಸಿನಲ್ಲಿ ಕೂತು ವ್ಯಾನಿಗಾಗಿ ಕಾಯುತ್ತಿತ್ತು. ಮಿಕ್ಕವರದ್ದು ಆಸ್ಪತ್ರೆಯ ಕೆಳಮಹಡಿಯ ಪುಟ್ಟ ಪ್ರಯೋಗಾಲಯಕ್ಕೆ ನೇರ ಹೋಗುತ್ತಿತ್ತು. ಐಸಿನ ನಿಯಮ ಬರೆದವರು ಮೇಡಂ. ಅಂಕಿಗಳು ಒಂದಕ್ಕೊಂದು ಹೊಂದಬೇಕಾದರೆ ಪ್ರಯೋಗದ ರಕ್ತವೆಲ್ಲ ಒಂದೇ ಯಂತ್ರಕ್ಕೆ ಹೋಗಬೇಕೆಂದು ಬರೆದವರೂ ಅವರೇ. ಎರಡು ಜಾಣ ನಿಯಮಗಳಿಗೆ ಒಂದು ಪೆದ್ದ ಕೂಸು ಹುಟ್ಟಿತ್ತು. ಎಲ್ಲರೂ ಎಷ್ಟು ಶ್ರದ್ಧೆಯಿಂದ ನಡೆದುಕೊಂಡಿದ್ದರೆಂದರೆ, ಎರಡನೆಯ ಸಲವೂ ಅಷ್ಟೇ ಶ್ರದ್ಧೆಯಿಂದ ಅದೇ ತಪ್ಪನ್ನು ಮಾಡಿದ್ದರು.

ಅಳಲು ಸಿದ್ಧಳಾಗಿದ್ದ ನರ್ಸಿನ ಬೆನ್ನು ತಟ್ಟಿ, ಬರೆದವಳು ನಾನು, ನೀನು ಓದಿದವಳು ಅಷ್ಟೇ ಎಂದು ಸಮಾಧಾನ ಹೇಳಿ, ಅವರು ತಾವೇ ಹುಡುಗಿಯ ಮಂಚಕ್ಕೆ ಹೋಗಿ ರಕ್ತ ತೆಗೆದರು. ಕೊಳವೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರು. ಚುಚ್ಚಿದ ಜಾಗವನ್ನು ಒತ್ತಿಕೊಂಡು ಮುಖ ಊದಿಸಿದ್ದ ಹುಡುಗಿ, ನನ್ನ ರಕ್ತ ಎಲ್ಲಿಗೆ ತಗೊಂಡು ಹೋಗ್ತೀಯ ಅಜ್ಜಿ ಎಂದು ಜೋರು ಮಾಡಿದಳು.

"ವಾಕಿಂಗಿಗೆ ಕಣೇ. ಈಗ ಬಂದ್ಬಿಡ್ತೀವಿ."

ಆ ದಿನ ಅವರು ಕಾರಿಡಾರಿನ ನಡುಮಧ್ಯದಲ್ಲಿ, ಗೋಡೆ ಮುಟ್ಟದೆ, ಮುಷ್ಟಿಯನ್ನು ಎದೆಗೆ ಒತ್ತಿಕೊಂಡು, ಎದುರಿಗೆ ಬಂದ ಸ್ಟ್ರೆಚರನ್ನೇ ಪಕ್ಕಕ್ಕೆ ಸರಿಸಿ ನಡೆದದ್ದನ್ನು ನಾವು ಬಾಗಿಲುಗಳಿಂದ ಇಣುಕಿ ನೋಡಿದೆವು. ಅದು ಓಟವಲ್ಲ ಎಂದು ಅವರು ಆಮೇಲೆ ವಾದಿಸಿದರು. ಕೆಳಗಿನ ಪ್ರಯೋಗಾಲಯದ ಯಂತ್ರ ನಾಲ್ಕು ಚಿಲ್ಲರೆ ಎಂದಿತು. ಉಳಿದಿಬ್ಬರು ಮಕ್ಕಳದ್ದೂ ಹಾಗೇ ಹೋಯಿತು, ಅದೂ ನಾಲ್ಕರ ಆಸುಪಾಸು. ಯಂತ್ರ ನಡೆಸುವ ತಂತ್ರಜ್ಞ ನಗಲು ಹೊರಟವನು ಅವರ ಮುಖ ನೋಡಿ, ಕೇಳುವ ಮೊದಲೇ ಅದೇ ರಕ್ತವನ್ನು ಇನ್ನೊಂದ್ಸಲ ಯಂತ್ರಕ್ಕೆ ಹಾಕಿದ.

ಸಭೆಗೆ ಹೋಗುವ ಮೊದಲು ಅವರು ಬೆಂಚಿಗೆ ಬಂದರು.

"ಮಗಳ ರಕ್ತ ಚೆನ್ನಾಗಿದೆಯಮ್ಮ. ಕೆಟ್ಟಿದ್ದು ನಾವು ಅದನ್ನ ತಗೊಂಡು ಹೋದ ರೀತಿ. ನಿನ್ನ ಸಹಿಯಿಂದ ಏನೂ ಆಗಿಲ್ಲ."

ತಾಯಿ ಅಳಲಿಲ್ಲ, ಕೈ ಮುಗಿಯಲಿಲ್ಲ. ಚೀಲದಿಂದ, ನಿನ್ನೆಯಿಂದ ಮುಚ್ಚಳ ತೆಗೆಯದೇ ಇದ್ದ ಊಟದ ಡಬ್ಬಿಯನ್ನು ತೆಗೆದು, ಕೂತಲ್ಲೇ ಗಬಗಬನೆ ತಿನ್ನತೊಡಗಿದಳು. ಬಸ್ಸು ನಿಲ್ಲಿಸಿ ಬಂದ ಗಂಡ, ಎಲ್ಲವನ್ನೂ ಕೇಳಿ, ಬಯ್ಯುವುದಕ್ಕೆ ಯಾರೂ ಸಿಗದೆ, ಹಾಗಾದ್ರೆ ಆ ಐಸ್ ಪೆಟ್ಟಿಗೆಗೇ ಬಯ್ಯಬೇಕಷ್ಟೆ ಎಂದು ಹೇಳಿ, ಅವಳ ಪಕ್ಕದಲ್ಲಿ ಕೂತು ಡಬ್ಬಿಗೆ ತಾನೂ ಕೈ ಹಾಕಿದ.

ಸಭೆಯಲ್ಲಿ ಮೇಡಂ ತಪ್ಪನ್ನು ಯಾರ ಮೇಲೂ ಹೊರಿಸದೆ, ತಮ್ಮ ಮೇಲೆ ಅಗತ್ಯಕ್ಕಿಂತ ಹೆಚ್ಚು ಹೊರಿಸಿಕೊಳ್ಳದೆ, ನಡೆದದ್ದನ್ನು ನಡೆದಂತೆ ಹೇಳಿದರು. ಗುಟ್ಟು ಒಡೆಯಬೇಕಾಗಲಿಲ್ಲ. ಮಕ್ಕಳ ಡಾಕ್ಟರು ಕಣ್ಣೊರೆಸಿಕೊಳ್ಳಲು ಕಿಟಕಿಯ ಕಡೆ ತಿರುಗಿ ಹವಾಮಾನದ ಬಗ್ಗೆ ಏನೋ ಅಂದರು. ನಿರ್ದೇಶಕರು, ಇನ್ನು ಮುಂದೆ ಮೇಡಂಗೆ ಬೇರೆ ಹೆಸರು ಹುಡುಕಬೇಕಲ್ಲ ಎಂದು ನಗೆಯಾಡಿದರು. ಮೇಡಂ ನಗಲಿಲ್ಲ.

"ಇಷ್ಟು ವರ್ಷ ಇನ್ನೊಂದ್ಸಲ, ಇನ್ನೊಂದ್ಸಲ ಅಂತಿದ್ದೆ. ಅದೇ ದಾರೀಲಿ ಇನ್ನೊಂದ್ಸಲ ಹೋದ್ರೆ ಅದೇ ಗುಂಡಿಗೆ ಇನ್ನೊಂದ್ಸಲ ಬೀಳ್ತೀವಿ, ಅಷ್ಟೇ."

ಪ್ರಯೋಗ ಮುಂದುವರಿಯಿತು, ಕೊನೆಗೊಂಡಿತು. ಗುಟ್ಟು ಒಡೆದ ದಿನ ಗೊತ್ತಾದದ್ದು, ಆ ಹುಡುಗಿ ಅಷ್ಟೂ ಕಾಲ ನುಂಗಿದ್ದು ಬರೀ ಹಿಟ್ಟಿನ ಕ್ಯಾಪ್ಸೂಲು. ನಿಜವಾದ ಔಷಧಿ ಅವಳಿಗೆ ಸಿಕ್ಕಿದ್ದು ಆಮೇಲೆ. ಅವಳ ತಾಯಿ ಅದನ್ನು ಕೇಳಿ, ಆ ಹಿಟ್ಟಿಗಾ ನಾನು ಎರಡು ದಿನ ಉಪವಾಸ ಬಿದ್ದಿದ್ದು ಎಂದು ವಾರ್ಡಿನವರನ್ನೆಲ್ಲ ನಗಿಸಿದಳು.

ಇಂಥ ಜನ ಎಲ್ಲ ಕಾಲದಲ್ಲೂ ಕಡಿಮೆ. ಇದ್ದಾಗ ಅವರ ಜೊತೆ ಬಾಳುವುದೂ ಸಲೀಸಲ್ಲ. ನಾವು ಸಂತೋಷಪಡಲು ಹೊರಟಾಗ ತಡೆಯುತ್ತಾರೆ, ಹೆದರಲು ಹೊರಟಾಗಲೂ ತಡೆಯುತ್ತಾರೆ. ಭರವಸೆಯ ಮಾತನ್ನು ಅವರು ಎಷ್ಟು ಜಿಪುಣತನದಿಂದ ಖರ್ಚು ಮಾಡುತ್ತಾರೆಂದರೆ, ಕೊನೆಗೊಮ್ಮೆ ಅವರ ಬಾಯಿಂದ ಬಂದದ್ದನ್ನು ನಾವು ನೆಲವೆಂದು ನಂಬಿ ಕಾಲೂರಬಹುದು. ನಮಗೆ ಅವರು ಕೊಡುವುದು ನಾವು ಬಯಸಿದ್ದಕ್ಕಿಂತ ಚಿಕ್ಕದು, ಆದರೆ ಮಾರನೆಯ ಬೆಳಿಗ್ಗೆಯೂ ಅಷ್ಟೇ ಇರುವಂಥದ್ದು. ಪ್ರಯೋಗದ ಫಲಿತಾಂಶ ಹೊರಬಿದ್ದಾಗ ಪತ್ರಿಕೆಯವನೊಬ್ಬ ಓಡಿಬಂದು, ಇದು ಪವಾಡ ಅಂತ ಬರೀಬಹುದಾ ಮೇಡಂ ಎಂದು ಕೇಳಿದ. ಹೊಸ ಔಷಧಿಯಿಂದ, ಹಿಟ್ಟಿನ ಕ್ಯಾಪ್ಸೂಲು ನುಂಗಿದವರಿಗಿಂತ ಎಷ್ಟು ಹೆಚ್ಚು ಮಕ್ಕಳು ಊತವಿಲ್ಲದೆ ಒಂದು ವರ್ಷ ಕಳೆದರು ಎಂಬುದನ್ನಷ್ಟೇ ಬರೆದುಕೊಳ್ಳಿ ಎಂದು ಅವರು ಹೇಳಿದರು. ಎಷ್ಟು ಎಂದು ಅವನು ಕೇಳಿದಾಗ, ಅವರು ಮಡಿಸಿದ ತೋಳನ್ನು ಇನ್ನೊಂದು ಮಡಿಕೆ ಏರಿಸಿ, ಗಟ್ಟಿಯಾಗಿ, ಅಕ್ಷರ ಬಿಡಿಸಿ ನುಡಿದರು:

"ನೂರಕ್ಕೆ ಹದಿನಾಲ್ಕು."