ಚಾಂದಿಗೆ ಎರಡನೆಯ ಸೂಜಿ

ಹಿಂದಿನ ಮಳೆಗಾಲದಲ್ಲಿ ಕುದುರೆ ಜಡ್ಡು ಬಂದು ಸಿರಾದ ಜಟಕಾ ಸ್ಟ್ಯಾಂಡಿನ ಏಳು ಕುದುರೆಗಳು ಮೂಗಿನಲ್ಲಿ ನೊರೆ ಸುರಿಸಿಕೊಂಡು ಸತ್ತಿದ್ದವು. ಉಳಿದವಕ್ಕೆಲ್ಲ ದನದ ಆಸ್ಪತ್ರೆಯ ಡಾಕ್ಟರು ವೃಷಭೇಂದ್ರಪ್ಪ ಸೂಜಿ ಹಾಕಿದ್ದರು. ಬಳೆ ಮಾರುವ ಖಾಜಾಬಿಯ ತಟ್ಟು ಕುದುರೆ ಚಾಂದಿಗೂ ಆಗ ಹಾಕಿಸಿದ್ದಾಗಿತ್ತು. ಚಾಂದಿ ಬಿಳಿಯ ಹೆಣ್ಣು ಕುದುರೆ. ನಿಂತರೆ ಖಾಜಾಬಿಯ ಎದೆಮಟ್ಟ. ಗಂಡ ತೀರಿಕೊಂಡ ಮೇಲೆ ಅದರ ಬೆನ್ನಿಗೆ ಬಳೆ ಪೆಟ್ಟಿಗೆ ಕಟ್ಟಿ ಮದಲೂರು ಕಡೆಯ ಹಳ್ಳಿಗಳನ್ನು ಸುತ್ತುತ್ತ ಅವಳು ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು.

ಅರವತ್ತೊಂದನೆಯ ಇಸವಿಯ ಬೇಸಿಗೆಯಲ್ಲಿ ಡಾಕ್ಟರು ಚೀಲ ಹಿಡಿದು ಮತ್ತೆ ಅವಳ ಬಾಗಿಲಿಗೆ ಬಂದರು.

“ಹೋದ ವರ್ಷ ಹಾಕ್ಸಿದ್ನಲ್ಲ ಡಾಕ್ಟ್ರೇ?”

“ವರ್ಷಕ್ಕೊಂದು ಸಲ ಹಾಕ್ಬೇಕು ಅಂತ ಮೇಲಿನಿಂದ ಬರೆದಿದ್ದಾರೆ ಕಣಮ್ಮ,” ಎನ್ನುತ್ತಲೇ ಅವರ ಕಣ್ಣು ಚಾಂದಿಯ ಹೊಟ್ಟೆಯ ಮೇಲೆ ಬಿತ್ತು. “ಗಬ್ಬವೇ? ಎಷ್ಟು ತಿಂಗಳು?”

“ಒಂಬತ್ತು ತುಂಬ್ತು. ಇನ್ನೆರಡು.”

ಡಾಕ್ಟರು ಚೀಲ ಬಿಚ್ಚಲಿಲ್ಲ. ಜಗಲಿಯ ಮೇಲೆ ಕುಳಿತರು. “ಈಗ ಹಾಕಿದ್ರೆ ದಿನ ತುಂಬೋ ಮೊದಲೇ ಕಂದು ಹಾಕಿಬಿಡಬಹುದು. ಹಾಕದೆ ಜಡ್ಡು ಬಂತೋ, ತಾಯಿಯೂ ಉಳಿಯೋದಿಲ್ಲ, ಮರಿಯೂ ಉಳಿಯೋದಿಲ್ಲ.”

“ಹೋದ ವರ್ಷದ ಮದ್ದು ಇನ್ನೂ ಮೈಯಾಗೆ ಇರಲ್ವಾ?”

“ಇರಬಹುದು. ಇಲ್ಲದೆಯೂ ಇರಬಹುದು. ಸುಳ್ಳು ಹೇಳಲಾರೆ, ನನಗೆ ಗೊತ್ತಿಲ್ಲ. ನಾಲ್ಕು ದಿನ ಯೋಚನೆ ಮಾಡಿ ಹೇಳು.”

ಖಾಜಾಬಿಯ ಮೈದುನ ಫಜಲುಲ್ಲಾ ಜಟಕಾ ಓಡಿಸುವವನು. ಅವನಿಗೆ ಯಾವ ಅನುಮಾನವೂ ಇರಲಿಲ್ಲ. “ನಮ್ಮ ತೋಳಿಗೆ ಸಿಡುಬಿನ ಮದ್ದು ಒಂದೇ ಸಲ ತಾನೇ ಗೀರಿದ್ದು, ಭಾಬಿ? ಕುದುರೆಗೆ ಮಾತ್ರ ಯಾಕೆ ವರ್ಷವರ್ಷ? ನಾನಂತೂ ಹಾಕಿಸೋನಲ್ಲ,” ಎಂದ. ಮೂರನೆಯ ದಿನ ಅವನೇ ಸುದ್ದಿ ತಂದ. ಮಿಡಿಗೇಶಿಯಲ್ಲಿ ಓಬಳಯ್ಯ ಎಂಬವನ ಕುದುರೆ ಸತ್ತಿದೆಯಂತೆ, ಅದೇ ಜಡ್ಡಂತೆ. ಹೇಳಿ ಮುಗಿಸಿದವನೇ ಹೋಗಿ ತನ್ನ ಕುದುರೆಯ ಮೈ ಮುಟ್ಟಿ ನೋಡಿದ.

ಖಾಜಾಬಿಗೆ ಉಳಿದದ್ದು ಒಂದೇ ಪ್ರಶ್ನೆ. ಆ ಕುದುರೆಗೆ ಹೋದ ವರ್ಷ ಸೂಜಿ ಹಾಕಿತ್ತೋ ಇಲ್ಲವೋ? ಅದೊಂದು ತಿಳಿದರೆ ಸಾಕು ಎನಿಸಿತು. ಬೆಳಿಗ್ಗೆ ಎದ್ದವಳೇ ಮಧುಗಿರಿ ಬಸ್ಸು ಹತ್ತಿದಳು. ಅಲ್ಲಿಂದ ಇನ್ನೊಂದು ಬಸ್ಸು. ಮಿಡಿಗೇಶಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು.

ಓಬಳಯ್ಯ ಖಾಲಿ ಗೂಟದ ಪಕ್ಕ ಕೂತಿದ್ದ. ಆಚೆ ಇನ್ನೊಂದು ಕುದುರೆ ಹುಲ್ಲು ಮೇಯುತ್ತಿತ್ತು.

“ಹೋದ ವರ್ಷ ಸೂಜಿ ಹಾಕ್ಸಿದ್ದೆ ಬೂಬಮ್ಮ, ಎರಡಕ್ಕೂ ಒಂದೇ ದಿನ,” ಎಂದ.

ಖಾಜಾಬಿ ಮೇಯುತ್ತಿದ್ದ ಕುದುರೆಯತ್ತ ತಿರುಗಿದಳು. ಹಾಗಾದರೆ ಒಂದು ಸೂಜಿ ಸಾಲದು. ಆದರೆ ಎದುರಿಗೆ ಮೇಯುತ್ತಿರುವುದೂ ಅದೇ ಸೂಜಿ ಚುಚ್ಚಿಸಿಕೊಂಡದ್ದೇ ಅಲ್ಲವೇ?

“ಅದು ಹೆಂಗೆ ಉಳೀತು ಓಬಳಯ್ಯ?”

ಅವನು ಗೂಟದ ಹಗ್ಗವನ್ನು ಸುತ್ತತೊಡಗಿದ. ಒಳಗಿನಿಂದ ಅವನ ಹೆಂಡತಿ ಓಬಕ್ಕ ಹೊರಗೆ ಬಂದಳು. “ಹೇಳು, ಯಾಕೆ ಬಾಯಿ ಕಟ್ಕಂಡು ಕೂತಿದ್ದೀಯಾ? ಸೂಜಿ ಆದ್ಮೇಲೆ ಮೂರು ವಾರ ಗೇಯಿಸ್ಬ್ಯಾಡ ಅಂದಿದ್ರು ಕಣಮ್ಮ. ಅಲ್ಲಿ ಮೇಯ್ತೈತಲ್ಲ, ಅದು ಆವಾಗ ಕುಂಟ್ತಿತ್ತು, ಗೂಟದಾಗೇ ನಿಂತಿತ್ತು. ಸತ್ತೋದದ್ದನ್ನ ಮಾರನೇ ದಿನವೇ ಗಾಡಿಗೆ ಕಟ್ಬುಟ್ಟ. ಮೈ ಕೆಂಡದಂಗೆ ಸುಡ್ತಿತ್ತು, ಅಂಗೇ ಓಡ್ಸಿದ. ಮದ್ದು ಮೈಗೆ ಹತ್ತಲಿಲ್ಲ, ಈ ವರ್ಷ ಜಡ್ಡು ಬಂದು ಹೋಯ್ತು.”

ಓಬಳಯ್ಯ ಎದ್ದು ಉಳಿದ ಕುದುರೆಗೆ ನೀರಿಡಲು ಹೋದ.

ಸಂಜೆ ಸಿರಾದಲ್ಲಿ ಇಳಿದವಳು ನೇರ ದನದ ಆಸ್ಪತ್ರೆಗೆ ಹೋಗಿ ಎಲ್ಲ ಹೇಳಿದಳು. ಹೋದ ವರ್ಷ ಸೂಜಿಯಾದ ಮೇಲೆ ಚಾಂದಿಗೆ ಮೂರು ವಾರ ಭಾರ ಹೊರಿಸಿರಲಿಲ್ಲ, ಮದ್ದು ಮೈಗೆ ಹತ್ತಿರಬೇಕು ಎಂದಳು. ಡಾಕ್ಟರು ಗಮನವಿಟ್ಟು ಕೇಳಿದರು. “ಒಂದು ಮನೆಯ ಕುದುರೆ ನೋಡಿ ತೀರ್ಮಾನ ಮಾಡೋಕಾಗಲ್ಲ ಕಣಮ್ಮ. ಆದರೆ ಕಾಯೋದಾದ್ರೆ ನಾನು ಬೇಡ ಅನ್ನಲ್ಲ.”

“ಮರಿ ಹಾಕೋಗಂಟ ಕಾಯ್ತೀನಿ. ಆಮ್ಯಾಕೆ ಹಾಕಿ. ವರ್ಷ ವರ್ಷವೂ ಹಾಕಿ. ಈಗ ಬ್ಯಾಡ,” ಎಂದಳು.

ಆ ಎರಡು ತಿಂಗಳು ಅವಳು ನೆಮ್ಮದಿಯಾಗಿ ಉಸಿರಾಡಲಿಲ್ಲ. ನೊರಜು ಎಂಬ ಸಣ್ಣ ಹುಳ ಕಚ್ಚುವುದರಿಂದಲೇ ಜಡ್ಡು ಹರಡುತ್ತದೆಂದು ಡಾಕ್ಟರು ಹೇಳಿದ್ದರಿಂದ ಹೊತ್ತು ಇಳಿಯುವ ಮೊದಲೇ ಚಾಂದಿಯನ್ನು ಮನೆಯೊಳಗೆ ಕಟ್ಟಿ, ಬಾಗಿಲಿಗೆ ಗೋಣಿತಾಟು ಇಳಿಬಿಟ್ಟು, ಬೇವಿನ ಸೊಪ್ಪಿನ ಹೊಗೆ ಹಾಕುತ್ತಿದ್ದಳು. ಮಕ್ಕಳು ಕೆಮ್ಮುತ್ತ ಮೂಲೆಯಲ್ಲಿ ಮಲಗುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಚಾಂದಿಯ ಕಣ್ಣಿನ ಮೇಲೆ ಊತ! ಸತ್ತ ಏಳು ಕುದುರೆಗಳಿಗೂ ಹೀಗೆಯೇ ಕಣ್ಣಿನ ಮೇಲೆ ಊದಿದ್ದನ್ನು ಅವಳು ಕಂಡಿದ್ದಳು. ತಲೆಗೆ ಸೆರಗೂ ಹೊದೆಯದೆ ಆಸ್ಪತ್ರೆಗೆ ಓಡಿದಳು.

ವೃಷಭೇಂದ್ರಪ್ಪ ಬಂದು ಜ್ವರ ನೋಡಿದರು. ಒಂದು ಕಣ್ಣು ಮುಟ್ಟಿದರು, ಇನ್ನೊಂದು ಮುಟ್ಟಿದರು. ಖಾಜಾಬಿ ಅವರ ಮುಖವನ್ನೇ ನೋಡುತ್ತಿದ್ದಳು.

“ಜ್ವರ ಇಲ್ಲ. ಆ ಜಡ್ಡಾದರೆ ಎರಡೂ ಕಡೆ ಊದುತ್ತೆ. ಇದಕ್ಕೆ ಕಣಜ ಕಚ್ಚಿದೆ,” ಎಂದರು.

ಖಾಜಾಬಿ ಗೋಡೆಗೆ ಒರಗಿ ಕೂತು ಅತ್ತುಬಿಟ್ಟಳು. ತಪ್ಪು ಮಾಡಿದೆನೇ, ಮೊದಲೇ ಹಾಕಿಸಬೇಕಿತ್ತೇ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡು ಬಂದಿದ್ದಳು.

ಮುಂಗಾರಿನ ಮೊದಲ ಹದ ಮಳೆ ಬಿದ್ದ ವಾರ ಚಾಂದಿ ಕಂದು ಬಣ್ಣದ ಗಂಡು ಮರಿ ಹಾಕಿತು. ಒಂದು ಗಳಿಗೆಯಲ್ಲಿ ಮರಿ ಎದ್ದು ನಿಂತಿತು. ಹತ್ತು ದಿನ ಕಳೆದು ಡಾಕ್ಟರು ತಾಯಿಗೆ ಸೂಜಿ ಹಾಕಿದರು. ಮರಿಗೆ ಬೆಳೆದ ಮೇಲೆ ಎಂದರು. ಮೂರು ವಾರ ಖಾಜಾಬಿ ಬಳೆಯ ಪೆಟ್ಟಿಗೆಯನ್ನು ತಾನೇ ತಲೆಯ ಮೇಲೆ ಹೊತ್ತು ಮದಲೂರಿಗೆ ನಡೆದಳು. ಕತ್ತು ಬಿದ್ದುಹೋಗುವಷ್ಟು ನೋವು. “ಕುದುರೆ ಎಲ್ಲಿ ಬೂಬಮ್ಮ?” ಎಂದು ಹೆಂಗಸರು ಕೇಳಿದರೆ, “ರಜಾದ ಮೇಲೈತೆ ಕಣ್ರವ್ವಾ,” ಎನ್ನುತ್ತಿದ್ದಳು.

ಆ ಮಳೆಗಾಲದಲ್ಲಿ ಜಡ್ಡು ಸಿರಾಕ್ಕೂ ಬಂದು ಎರಡು ಕುದುರೆಗಳನ್ನು ಕೊಂದಿತು. ಚಾಂದಿಗೆ ಏನೂ ಆಗಲಿಲ್ಲ. ಹೋದ ವರ್ಷದ ಒಂದೇ ಸೂಜಿ ಬಿದ್ದಿದ್ದ ಫಜಲುಲ್ಲಾನ ಕುದುರೆಯೂ ಉಳಿಯಿತು.

“ನೋಡಿದ್ರಾ ಭಾಬಿ?” ಎಂದು ಅವನು ನಕ್ಕ.

“ನೋಡಿದೆ. ನಿನ್ನ ಕುದುರೆ ಉಳೀತಲ್ಲ, ನನಗೂ ಖುಷಿ,” ಎಂದಳು ಖಾಜಾಬಿ. “ಆದ್ರೆ ಈ ನಾಲ್ಕು ತಿಂಗಳು ನೀನು ನಿದ್ದೆ ಮಾಡಿದ್ದೆಷ್ಟು, ಅದನ್ನ ಹೇಳು.”

ಫಜಲುಲ್ಲಾ ದಿನಾ ಮಾಡುವಂತೆ ತನ್ನ ಕುದುರೆಯ ಎರಡೂ ಕಣ್ಣುಗಳ ಮೇಲೆ ಬೆರಳಾಡಿಸಿ ನೋಡಿ, ಲಗಾಮು ಎಳೆದುಕೊಂಡು ಸ್ಟ್ಯಾಂಡಿನ ಕಡೆ ಹೋದ.