ಮುದಕವ್ವ ಕಾಯ್ದ ಬ್ಯಾಟರಿ

ಮುದಕವ್ವನ ಮನೆಯ ಒಳಕೋಣೆಗೆ ಕಿಟಕಿಯಿಲ್ಲ. ಹುಕ್ಕೇರಿ ಸೀಮೆಯ ಹಳೆಯ ಮನೆಗಳು ಬಹಳಷ್ಟು ಹೀಗೆಯೇ ಇವೆ. ಬಿಸಿಲಿಗೂ ಕಳ್ಳರಿಗೂ ಹೆದರಿ ಹಿರಿಯರು ದಪ್ಪ ಗೋಡೆ ಕಟ್ಟಿದರು. ನಡುಮಧ್ಯಾಹ್ನ ಒಳಗೆ ಹೋದರೂ ಕೈ ಚಾಚಿ ತಡವಿಕೊಂಡು ನಡೆಯಬೇಕು. ಊರಿಗೆ ಇನ್ನೂ ಕರೆಂಟಿನ ಕಂಬ ಬಂದಿಲ್ಲ. ಹೆಂಗಸರ ಹೆರಿಗೆ ಆಗುವುದು ಆ ಕೋಣೆಯಲ್ಲಿಯೇ.

ಹೋದ ವರ್ಷ ಮಗಳು ಕಾಶೆವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನೋವು ಶುರುವಾದಾಗ ನರ್ಸಬಾಯಿ ಸಾವಿತ್ರವ್ವ ಆರೋಗ್ಯ ಇಲಾಖೆಯ ಜೀಪಿನಲ್ಲಿ ಬಂದಳು. ಜೀಪಿನ ಡ್ರೈವರ್ ಮಾಲಿಂಗಪ್ಪ ಬ್ಯಾಟರಿಯಿಂದ ಉದ್ದನೆಯ ವೈರು ಎಳೆದು ಕೋಣೆಯಲ್ಲಿ ಬಲ್ಬು ಹಚ್ಚಿದ. ಆ ಕೋಣೆಯ ಮೂಲೆಗಳನ್ನು ಮನೆಯವರೇ ಅವತ್ತು ಮೊದಲ ಸಲ ಸರಿಯಾಗಿ ನೋಡಿದರು. ಮುಂಜಾನೆ ಹಚ್ಚಿದ ದೀಪ ಮಧ್ಯಾಹ್ನದವರೆಗೆ ಉರಿಯಿತು. ಕೂಸು ಅಡ್ಡ ತಿರುಗಿದೆ, ಘಟಪ್ರಭಾದ ದವಾಖಾನೆಗೆ ಒಯ್ಯಬೇಕು ಎಂದು ಸಾವಿತ್ರವ್ವ ಹೇಳಿದಳು. ಕಾಶೆವ್ವನನ್ನು ಜೀಪಿನಲ್ಲಿ ಮಲಗಿಸಿದರು. ಜೀಪು ಚಾಲೂ ಆಗಲಿಲ್ಲ.

ಬ್ಯಾಟರಿಯ ಬಲವೆಲ್ಲ ದೀಪಕ್ಕೆ ಹೋಗಿತ್ತು. ಹ್ಯಾಂಡಲ್ ಹಾಕಿ ತಿರುವಿದರು, ನೂಕಿದರು. ಕಡೆಗೆ ಎತ್ತು ಹೂಡಿ ಹಳ್ಳದ ದಂಡೆಯವರೆಗೆ ಎಳೆದ ಮೇಲೆ ಎಂಜಿನ್ನು ಉಸಿರಾಡಿತು. ಕಾಶೆವ್ವ ಉಳಿದಳು. ಕೂಸು ಉಳಿಯಲಿಲ್ಲ.

ಈಗ ಸೊಸೆ ಗೌರಕ್ಕನಿಗೆ ಎಂಟು ತಿಂಗಳು. ಅವಳ ತವರಿನಲ್ಲಿ ತಾಯಿಯಿಲ್ಲ. ಆದ್ದರಿಂದ ಹೆರಿಗೆ ಇಲ್ಲಿಯೇ. ಜೀಪಿನ ಮಾತು ಬಂದರೆ ಸಾಕು, ಮುದಕವ್ವ ಸಿಡಿಯುತ್ತಿದ್ದಳು.

"ಎತ್ತ ಹೂಡಿ ಎಳಿಯೂ ಜೀಪಿಗಿಂತ ನಮ್ಮ ಚಕ್ಕಡಿನ ಪಾಡ. ಅದರ ಹೆಸರ ತಗೀಬ್ಯಾಡ್ರಿ ನನ್ನ ಮುಂದ."

ಗೌರಕ್ಕ ಬೀಸುಕಲ್ಲಿನ ಮುಂದೆ ಕೂತು ಇದನ್ನೆಲ್ಲ ಕೇಳುತ್ತಿದ್ದಳು. ಕಾಶೆವ್ವನ ಕೂಗು ಅವಳ ಕಿವಿಯಿಂದ ಹೋಗಿರಲಿಲ್ಲ. ಎಲ್ಲರೂ ಹುಟ್ಟುವ ಕೂಸಿನ ಬಗ್ಗೆ ಮಾತಾಡುತ್ತಿದ್ದರು. ಅವಳಿಗೆ ತನ್ನ ಜೀವದ ಚಿಂತೆ ಹತ್ತಿತ್ತು. ತನ್ನ ಜೀವದ ಮೇಲೆ ಆಸೆಪಡುವುದು ತಪ್ಪೇನೋ ಎಂದು ನಾಚಿ, ಇನ್ನಷ್ಟು ಜೋರಾಗಿ ಬೀಸುತ್ತಿದ್ದಳು.

ಒಂದು ದಿನ ಜೀಪು ಮನೆಯ ಮುಂದೆಯೇ ಬಂದು ನಿಂತಿತು. ಮಾಲಿಂಗಪ್ಪ ಹಿಂದಿನ ತಾಡಪತ್ರಿ ಎತ್ತಿ ಒಂದು ಕಟ್ಟಿಗೆಯ ಪೆಟ್ಟಿಗೆ ತೋರಿಸಿದ.

"ನೋಡ್ರಿ ಆಯಿ, ಈಗ ಎರಡ ಬ್ಯಾಟ್ರಿ!"

"ಒಂದನ್ನ ಸಂಭಾಳಿಸಾಕ ಆಗಲಿಲ್ಲ, ಎರಡನೇದ ಕಟಗೊಂಡಿಯೇನ? ನಿನ್ನ ಹೇಂತಿಗೆ ಗೊತ್ತೈತಿಲ್ಲೋ?" ಎಂದಳು ಮುದಕವ್ವ.

ಓಣಿಯ ಹೆಂಗಸರು ನಕ್ಕರು. ಜೀಪಿನಲ್ಲಿ ಬಂದಿದ್ದ ಸಾವಿತ್ರವ್ವನೂ ನಕ್ಕಳು. "ಅವ್ವಾರ, ಹ್ವಾದ ವರ್ಷದ್ದ ನಾನೂ ಮರತಿಲ್ಲ. ಅದಕ್ಕ ಇದನ್ನ ಕೂಡಿಸೇವಿ. ಈಗ ಬಲ ಎರಡ ಪಟ್ಟ ಆಗೇತಿ."

"ಬಾಯಿ ಮಾತ ಬ್ಯಾಡ. ದೀಪ ಹಚ್ಚ. ನನ್ನ ಬೀಸೂದು, ರೊಟ್ಟಿ, ಪಲ್ಲೆ ಎಲ್ಲಾ ಮುಗೀಲಿ. ಆಮ್ಯಾಲ ಗಾಡಿ ಚಾಲೂ ಮಾಡಿ ತೋರಸ."

ದೀಪ ಹಚ್ಚಿದರು. ಮುದಕವ್ವ ಅವತ್ತು ರೊಟ್ಟಿಯನ್ನು ಬೇಕೆಂದೇ ನಿಧಾನವಾಗಿ ಬಡಿದಳು. ಎಲ್ಲರ ಊಟವಾಯಿತು. ಹೊತ್ತು ಇಳಿಯತೊಡಗಿದಾಗ ಮಾಲಿಂಗಪ್ಪ ಜೀಪು ಹತ್ತಿ ಕೂತ. ಎಂಜಿನ್ನು ಒಂದು ಸಲ ನರಳಿ ಸುಮ್ಮನಾಯಿತು.

ಯಾರೂ ನಗಲಿಲ್ಲ. ಗೌರಕ್ಕ ಎದ್ದು ಒಳಗೆ ಹೋದಳು.

"ತಪ್ಪ ನಮ್ದ ಐತ್ರಿ," ಎಂದಳು ಸಾವಿತ್ರವ್ವ. ಅವಳು ನೆಪ ಹೇಳುವವಳಲ್ಲ. "ಎಲ್ಲಿ ತಪ್ಪೇವಿ ಅನ್ನೂದ ತಿಳಿವಲ್ದು."

ಮುದಕವ್ವ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು. "ಈ ವಯರ್ ಯಾಕ ಅದರಿಂದ ಇದಕ್ಕ ಬಂದೈತಿ?"

"ಎರಡನ್ನೂ ಕೂಡಿಸೇವ್ರಿ ಆಯಿ. ಕೂಡಿದ್ರ ಬಲ ಹೆಚ್ಚಂತ."

"ಬರ್ರಿ ಒಳಗ."

ಕಂದೀಲು ಹಿಡಿದು ಇಬ್ಬರನ್ನೂ ಒಳಕೋಣೆಗೆ ಕರೆದೊಯ್ದಳು. ಮೂಲೆಯಲ್ಲಿ ಬಾಯಿಗೆ ಸಗಣಿ ಮೆತ್ತಿದ ಒಂದು ದೊಡ್ಡ ಮಣ್ಣಿನ ಹರವಿ ಇತ್ತು. ಪಕ್ಕದಲ್ಲಿ ಜೋಳದ ಚೀಲಗಳಿದ್ದವು.

"ಚೀಲದಾಗಿರೂದ ತಿನ್ನೂ ಜ್ವಾಳ. ಹರವ್ಯಾಗಿರೂದ ಬಿತ್ತೂ ಜ್ವಾಳ. ಬೂದಿ, ಬೇವಿನ ತಪ್ಪಲ ಹಾಕಿ ನನ್ನ ಕೈಲೇ ಬಾಯಿ ಮುಚ್ಚೇನಿ. ನನ್ನ ಮಗ ಹಸದ ಕುಂತ್ರೂ ಇದಕ್ಕ ಕೈ ಹಚ್ಚಾಕ ಬಿಡಂಗಿಲ್ಲ. ಎರಡೂ ಒಂದ ಚೀಲಕ್ಕ ಸುರುವಿದ್ರ, ಬಿತ್ತಿಗಿ ದಿನ ಏನ ಬಿತ್ತತಿ? ನಿನ್ನ ದೀಪ ತಿನ್ನೂದು, ನಿನ್ನ ಎಂಜಿನ್ ಬಿತ್ತೂದು. ಎರಡನ್ನೂ ಕೂಡಿಸಿದಿ, ದೀಪ ಎರಡನ್ನೂ ತಿಂತು. ಇಷ್ಟ ತಿಳಿಯಂಗಿಲ್ಲ?"

ಸಾವಿತ್ರವ್ವ ಹರವಿಯನ್ನೂ ಮುದಕವ್ವನ ಮುಖವನ್ನೂ ನೋಡುತ್ತ ನಿಂತಳು. "ಮಾಲಿಂಗಪ್ಪಾ," ಎಂದಳು, "ನಾಳೆ ಗೋಕಾಕಕ್ಕ ಹೋಗೂನು. ನಡುವ ಒಂದ ಸ್ವಿಚ್ಚ ಕೂಡಿಸೂನು."

ಅವತ್ತೂ ಜೀಪಿಗೆ ಎತ್ತು ಹೂಡಬೇಕಾಯಿತು. ಆದರೆ ಎಂಟು ದಿನಕ್ಕೆ ಅದು ತಿರುಗಿ ಬಂದಾಗ ಎರಡು ಬ್ಯಾಟರಿಗಳ ನಡುವೆ ಕೈಯಿಂದ ಎಳೆಯುವ ಒಂದು ಸ್ವಿಚ್ಚು ಇತ್ತು. ಸಾವಿತ್ರವ್ವ ಅಂಗಳದಲ್ಲಿ ಕೂತ ಹೆಂಗಸರಿಗೆಲ್ಲ ತಿಳಿಯುವಂತೆ ಹೇಳಿದಳು.

"ಗಾಡಿ ಓಡುವಾಗ ಸ್ವಿಚ್ಚ ಹಾಕಿರತೇವಿ. ಆಗ ಎಂಜಿನ್ನ ಎರಡೂ ಬ್ಯಾಟ್ರಿ ತುಂಬತೈತಿ. ಗಾಡಿ ನಿಂತಕೂಡ್ಲೆ ಸ್ವಿಚ್ಚ ತಗೀತೇವಿ. ದೀಪ ಎರಡನೇದ್ರಿಂದ ಅಷ್ಟ ಉರೀತೈತಿ. ಮೊದಲನೇದ ಗಾಡಿ ಚಾಲೂ ಮಾಡಾಕಂತನ ಉಳೀತೈತಿ."

"ದೀಪ ಹಚ್ಚಿದಾಗ ಎಂಜಿನ್ ಬಂದ ಮಾಡದ ಇದ್ರ ಆತಿಲ್ಲ?" ಎಂದು ಬಾಜೂ ಮನೆಯ ಗುಡ್ಡವ್ವ ಕೇಳಿದಳು.

"ಪೆಟ್ರೋಲು ಮುಗೀತೈತಿ ಗುಡ್ಡವ್ವಾರ. ಹೊಗಿ ಬ್ಯಾನಿ ತಿನ್ನೂ ಹೆಂಗಸಿನ ಕೋಣಿಗೆ ನುಗ್ಗತೈತಿ."

ಮುದಕವ್ವ ಮತ್ತೆ ಪರೀಕ್ಷೆ ಇಟ್ಟಳು. ಮತ್ತೆ ಅಷ್ಟೇ ಹೊತ್ತು ದೀಪ ಉರಿಯಿತು. ಮಾಲಿಂಗಪ್ಪ ಕಣ್ಣು ಮುಚ್ಚಿ ದೇವರನ್ನು ನೆನೆದು ಸ್ಟಾರ್ಟರಿನ ಮೇಲೆ ಕಾಲಿಟ್ಟ. ಜೀಪು ಗುಡುಗಿ ಎದ್ದಿತು. ಕಟ್ಟೆಯ ಮೇಲಿದ್ದ ಕೋಳಿಗಳು ಹಾರಿ ಓಡಿದವು.

"ನಿನ್ನ ವಹಿಯಾಗ ನಮ್ಮ ಗೌರಿ ಹೆಸರ ಬರಕೊ," ಎಂದು ಮುದಕವ್ವ ಸಾವಿತ್ರವ್ವನಿಗೆ ಹೇಳಿದಳು. "ಆದ್ರ ಆ ಸ್ವಿಚ್ಚಿನ ಮ್ಯಾಲ ನನ್ನ ಕಣ್ಣ ಇರತೈತಿ."

ಮುಂದಿನ ತಿಂಗಳು ಒಂದು ಬೆಳಗ್ಗೆ ಗೌರಕ್ಕನಿಗೆ ನೋವು ಶುರುವಾಯಿತು. ಗಂಡ ಬಸವಣ್ಣೆಪ್ಪ ಸೈಕಲ್ ಹತ್ತಿ ಓಡಿದ. ಜೀಪು ಬಂತು, ಸ್ವಿಚ್ಚು ತೆಗೆದರು, ದೀಪ ಹತ್ತಿತು. ಒಂದು ತಾಸು, ಎರಡು ತಾಸು, ಮೂರು ತಾಸು. ಕೂಸು ಕೆಳಗಿಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ದೀಪ ಹಳದಿಯಾಯಿತು, ಆಮೇಲೆ ಕೆಂಪಗಾಯಿತು.

ಬಾಗಿಲಲ್ಲಿದ್ದ ಬಸವಣ್ಣೆಪ್ಪನಿಗೆ ತಡೆಯಲಾಗಲಿಲ್ಲ. "ಮಾಲಿಂಗಪ್ಪಾ, ಆ ಸ್ವಿಚ್ಚ ಹಾಕಪಾ! ಇನ್ನೊಂದ ತುಂಬೈತಲ್ಲ, ಅದರಿಂದ ತಗೊ. ಕತ್ತಲದಾಗ ಹೆಂಗ ಹಡೀತಾಳ ಅಕಿ?"

ಮಾಲಿಂಗಪ್ಪನ ಕೈ ಸ್ವಿಚ್ಚಿನ ಕಡೆಗೆ ಹೋಯಿತು.

"ಕೈ ತಗಿ!"

ಮುದಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪೆಟ್ಟಿಗೆಗೆ ಅಡ್ಡ ನಿಂತಿದ್ದಳು. "ಅದು ಅಕಿನ್ನ ಒಯ್ಯಾಕ ಇಟ್ಟಿದ್ದ. ಬೆಳಕ ಬೇಕಂದ್ರ ಕಂದೀಲ ಹಿಡಿ."

ಬಸವಣ್ಣೆಪ್ಪ ಕಂದೀಲು ಹಿಡಿದ. ಸಾವಿತ್ರವ್ವ ಹೊರಗೆ ಬಂದಳು. "ಇನ್ನ ಕಾಯೂದ ಬ್ಯಾಡ್ರಿ. ಘಟಪ್ರಭಾಕ ಒಯ್ಯಬೇಕ."

"ಸಂಜೀತನಾ ತಡೀರಿ," ಎಂದಳು ಗುಡ್ಡವ್ವ. "ಬ್ಯಾನಿ ತಿನ್ನಾಕಿನ್ನ ಹೊಸ್ತಿಲಾ ದಾಟಸ್ತಾರೇನ? ಹ್ವಾದ ವರ್ಷ ಏನಾತು, ಮರತ್ರಿ?"

ಮುದಕವ್ವ ಮರೆತಿರಲಿಲ್ಲ. ಎಲ್ಲರೂ ಅವಳ ಮುಖ ನೋಡುತ್ತಿದ್ದರು. ಆಗ ಒಳಗಿನಿಂದ ಗೌರಕ್ಕನ ದನಿ ಕೇಳಿತು. ಮದುವೆಯಾಗಿ ಬಂದ ಮೇಲೆ ಅತ್ತೆಯ ಮುಂದೆ ಅವಳು ತನಗಾಗಿ ಏನನ್ನೂ ಕೇಳಿದವಳಲ್ಲ.

"ಅತ್ತೀ, ನನ್ನ ಒಯ್ಯರಿ. ನಾ ಬದಕಬೇಕ್ರಿ."

ಮುದಕವ್ವ ತಿರುಗಿ ಒಳಗೆ ಹೋದಳು. ಸೊಸೆಯ ತೋಳಿಗೆ ತಾನೇ ತೋಳು ಕೊಟ್ಟಳು. "ಬದಕತಿ ನನ್ನವ್ವಾ. ನಡಿ."

ಗೌರಕ್ಕನನ್ನು ಜೀಪಿನಲ್ಲಿ ಮಲಗಿಸಿದರು. ಮಾಲಿಂಗಪ್ಪ ಸ್ಟಾರ್ಟರಿನ ಮೇಲೆ ಕಾಲಿಟ್ಟ. ಒಂದೇ ಸಲಕ್ಕೆ ಎಂಜಿನ್ನು ಹಿಡಿಯಿತು. ನೂಕುವುದಕ್ಕೆಂದು ಬಂದು ನಿಂತಿದ್ದ ಗಂಡಸರು ಕೈ ಚಾಚಿಕೊಂಡೇ ಉಳಿದರು, ಜೀಪು ಅವರ ಮುಂದಿನಿಂದ ಹೊರಟೇಹೋಯಿತು. ಎರೆಮಣ್ಣಿನ ದಾರಿ, ಹಳ್ಳ, ಕಲ್ಲಿನ ಮಡ್ಡಿ ಎಲ್ಲ ದಾಟಿ ಎಲ್ಲಿಯೂ ನಿಲ್ಲದೆ ದವಾಖಾನೆ ಮುಟ್ಟಿತು. ಹೊತ್ತು ಮುಳುಗುವ ಮೊದಲೇ ಗೌರಕ್ಕ ಹೆಣ್ಣು ಹಡೆದಳು. ಕೂಸಿನ ಅಳು ಕೇಳಿ ಬಸವಣ್ಣೆಪ್ಪ ವರಾಂಡದಿಂದ ಬಾಗಿಲಿಗೆ ಓಡಿದ. ಡಾಕ್ಟರಬಾಯಿ ಹೊರಗೆ ಬಂದು, "ಚಲೋ ಹೊತ್ತಿಗೆ ತಂದ್ರಿ, ಇಬ್ಬರೂ ಆರಾಮ ಅದಾರ," ಎಂದರು.

ಹತ್ತು ದಿನದ ಮೇಲೆ ತಾಯಿ, ಮಗು ಅದೇ ಜೀಪಿನಲ್ಲಿ ಊರಿಗೆ ಬಂದರು. ಮುದಕವ್ವ ಮುಂದಿನ ಸೀಟಿನಲ್ಲಿ ಕೂಸನ್ನು ಎತ್ತಿಕೊಂಡು ಕೂತಿದ್ದಳು.

"ಹಾರ್ನ ಹೊಡಿಯೋ ಮಾಲಿಂಗಾ."

"ಕೂಸ ಏಳತೈತ್ರಿ ಆಯಿ."

"ಏಳ್ಲಿ. ಊರೂ ಏಳ್ಲಿ. ಹೊಡಿ!"

ಹಾರ್ನು ಹೊಡೆಯುತ್ತ ಜೀಪು ಮೂರು ಓಣಿ ಸುತ್ತಿತು. ಹೆಂಗಸರೆಲ್ಲ ಕಟ್ಟೆಗೆ ಬಂದರು. ಗುಡ್ಡವ್ವನ ಬೆನ್ನ ಹಿಂದೆ ಅವಳ ಸೊಸೆ ನಿಂತಿದ್ದಳು. ಐದು ತಿಂಗಳ ಬಸುರಿ. ಸಾವಿತ್ರವ್ವ ಇಳಿಯುತ್ತಲೇ ಅವಳು ಅತ್ತೆಯನ್ನು ದಾಟಿ ಮುಂದೆ ಬಂದು ಹೇಳಿದಳು:

"ಬಾಯಾರ, ನಂದೂ ಹೆಸರ ಬರಕೋರಿ."

ಗುಡ್ಡವ್ವ ಬಾಯಿ ತೆರೆದಳು. ಮುದಕವ್ವ ಅವಳನ್ನೊಮ್ಮೆ ನೋಡಿದಳು. ಗುಡ್ಡವ್ವ ಬಾಯಿ ಮುಚ್ಚಿದಳು. ಸಾವಿತ್ರವ್ವ ವಹಿ ತೆರೆದು ಬರೆದುಕೊಂಡಳು.

ಇದನ್ನು ಓದುವ, ಓದಿಸಿ ಕೇಳುವ ಅಕ್ಕತಂಗಿಯರೆ, ಗೋಕಾಕ, ಮೂಡಲಗಿ, ಹುಕ್ಕೇರಿಯ ಯಾವ ಹಳ್ಳಿಯಲ್ಲಿ ನೀವಿದ್ದರೂ ಬಸುರಿಯ ಹೆಸರನ್ನು ನರ್ಸಬಾಯಿಗೆ ಬೇಗ ಬರೆಸಿರಿ. ಮೊದಲ ನೋವಿಗೇ ಹೇಳಿ ಕಳುಹಿಸಿರಿ. ನಿಮ್ಮೂರಿಗೆ ಬರುವ ಜೀಪಿನಲ್ಲಿ ಎರಡನೆಯ ಬ್ಯಾಟರಿ ಇದೆಯೇ, ನಡುವೆ ಸ್ವಿಚ್ಚು ಇದೆಯೇ ಎಂದು ನೀವೇ ನೋಡಿರಿ, ಇಲ್ಲದಿದ್ದರೆ ನಾಚದೆ ಕೇಳಿರಿ. ದೀಪ ಮಂಕಾದರೆ ಗಾಡಿ ಚಾಲೂ ಮಾಡುವ ಬ್ಯಾಟರಿಗೆ ಕೈ ಹಾಕಗೊಡಬೇಡಿರಿ. ಇನ್ನೂ ಒಂದು ಮಾತು: ನಿಮ್ಮ ಮನೆಯ ಬಸುರಿಯನ್ನು ಇವತ್ತೇ ಹತ್ತಿರ ಕೂರಿಸಿಕೊಂಡು, ನಿನಗೆ ಏನು ಬೇಕವ್ವ ಎಂದು ಕೇಳಿರಿ. ಅವಳು ಹೇಳುವ ತನಕ ಎದ್ದು ಹೋಗಬೇಡಿರಿ.