ಹಿತ್ತಾಳೆಯವರ ಮೌನ

ಹಲ್ಲಿನ ಡಾಕ್ಟರಿಗೆ ಮಾತೆಂದರೆ ಪ್ರಾಣ. ಕುರ್ಚಿಯಲ್ಲಿ ಒರಗಿದವರ ಬಾಯಿಗೆ ಹತ್ತಿ, ಕನ್ನಡಿ, ನಳಿಗೆ ಎಲ್ಲ ತುರುಕಿದ ಮೇಲೆ ಅವರು ತಮ್ಮ ಉಗಿಬಂಡಿಯ ವಿಷಯ ಎತ್ತುತ್ತಿದ್ದರು. ರೋಗಿ ನೋವಿಗೆ 'ಆ ಆ' ಎಂದರೆ ಅದನ್ನು ಮೆಚ್ಚುಗೆ ಎಂದು ತಿಳಿದು ಮುಂದುವರಿಸುತ್ತಿದ್ದರು.

ಮನೆಯ ಎರಡನೆಯ ಕೋಣೆಯಲ್ಲಿ ಲೋಹ ಕಡೆಯುವ ಅವರ ಲೇತ್ ಇತ್ತು. ಅಲ್ಲಿ ವರ್ಷಗಟ್ಟಲೆ ಒಂದು ಪುಟ್ಟ ಇಂಜಿನ್ ಹುಟ್ಟುತ್ತಲೇ ಇತ್ತು. ಮೊಣಕಾಲೆತ್ತರದ್ದು, ಆದರೆ ಆಟಿಕೆಯಲ್ಲ. ನಿಜವಾದ ಕಲ್ಲಿದ್ದಲು, ನಿಜವಾದ ಉಗಿ. ಹಿಂದಿನ ಗಾಡಿಯಲ್ಲಿ ಇಬ್ಬರು ದೊಡ್ಡವರು ಕೂತರೂ ಎಳೆಯಬೇಕು. ಎಳೆಯಬೇಕು, ಅಷ್ಟೇ. ಇಂಥ ಇಂಜಿನ್ ಕಟ್ಟುವವರ ಕ್ಲಬ್ಬಿನ ಹಳಿಯ ಮೇಲೆ ಇಳಿಸಿದ ಎರಡು ಸಲವೂ ಅದು ಒಂದು ಸುತ್ತು ಮುಗಿಯುವ ಮೊದಲೇ ನಿಂತಿತ್ತು. ಪಂಪು ಬಾಯ್ಲರಿಗೆ ನೀರು ನೂಕುತ್ತಿರಲಿಲ್ಲ. ಬಾಯ್ಲರು ಒಣಗುವ ಮೊದಲು ಬೆಂಕಿ ತೆಗೆಯದೆ ಗತಿಯಿರಲಿಲ್ಲ. ಎರಡನೆಯ ಸಲ ಡಾಕ್ಟರು ಬೆವರು ಸುರಿಸಿ ಕೆಂಡ ಕೆದಕುತ್ತಿದ್ದಾಗ, ಭಾವಮೈದುನ ಗಾಡಿಯಿಂದ ಇಳಿಯದೆಯೇ ಕೇಳಿದ್ದ: "ಭಾವ, ಮುಂದಿನ ಸ್ಟೇಷನ್ ಯಾವಾಗ ಬರುತ್ತೆ?"

ಅವನಿಗೆ ಲೇತಿನ ಕೋಣೆಯ ಮೇಲೆ ಕಣ್ಣಿತ್ತು. ಬಾಡಿಗೆ ಮನೆ ಬಿಟ್ಟು ಅಕ್ಕನ ಮನೆ ಸೇರುವ ಲೆಕ್ಕ ಹಾಕಿದ್ದ.

"ಈ ಭಾನುವಾರ ಓಡಿದ್ರೆ ಸರಿ," ಎಂದರು ಡಾಕ್ಟರ ಹೆಂಡತಿ. "ಇಲ್ಲಾಂದ್ರೆ ಲೇತ್ ಗುಜರಿಗೆ, ನನ್ನ ತಮ್ಮ ಕೋಣೆಗೆ."

"ಅವನನ್ನೇ ಗುಜರಿಗೆ ಹಾಕಿದ್ರೆ?"

"ಯಾರೂ ತಗೊಳಲ್ಲ ರೀ. ನಾನು ಚಿಕ್ಕೋಳಿದ್ದಾಗಲೇ ಕೇಳಿ ನೋಡಿದ್ದೀನಿ."

ಹಿತ್ತಾಳೆಯವರು ಬದುಕಿದ್ದರೆ ಈ ಪಾಡು ಬರುತ್ತಿರಲಿಲ್ಲ ಎಂದು ಡಾಕ್ಟರು ಕೊರಗಿದರು. ಪುಟ್ಟ ಇಂಜಿನ್ನುಗಳ ಹಿತ್ತಾಳೆಯ ವಾಲ್ವು, ನಳಿಗೆ, ಸಾಸಿವೆಯಷ್ಟು ನಟ್ಟು ಮಾರುತ್ತಿದ್ದ ಮುದುಕರಿಗೆ ಗಿರಾಕಿಗಳೆಲ್ಲ ಸೇರಿ ಇಟ್ಟ ಹೆಸರದು. ಬೇಡದ್ದನ್ನು ಅವರು ಮಾರುತ್ತಿರಲಿಲ್ಲ. ಡಾಕ್ಟರು ದೊಡ್ಡ ಸೀಟಿ ಬೇಕೆಂದು ಹಠ ಹಿಡಿದಾಗ, "ನಿಮ್ಮ ಇಂಜಿನ್ ಗಾಡಿ ಎಳೆಯೋಕೋ, ಕಿರುಚೋಕೋ?" ಎಂದು ಡ್ರಾಯರು ಮುಚ್ಚಿದ್ದರು. ಆದರೆ ಅವರ ನಿಜವಾದ ವಿದ್ಯೆ ತಿಳಿಯುತ್ತಿದ್ದದ್ದು ಫೋನಿನಲ್ಲಿ. ಡಾಕ್ಟರು ತಮ್ಮ ತೊಂದರೆ ಹೇಳಿ ಮುಗಿಸಿದರೆ ಆ ಕಡೆಯಿಂದ ಮೌನ ಬರುತ್ತಿತ್ತು. ಉದ್ದನೆಯ, ತೂಕದ ಮೌನ. ಅದರೆದುರು ಡಾಕ್ಟರು ತಡವರಿಸುತ್ತಿದ್ದರು, ಆಡಿದ್ದನ್ನೇ ತಿರುವಿ ನೋಡುತ್ತಿದ್ದರು, ಕೊನೆಗೆ, "ಓ, ವಾಷರ್ ಹಾಕೋದೇ ಮರೆತಿದ್ದೀನಿ, ಅಲ್ವಾ?" ಎನ್ನುತ್ತಿದ್ದರು.

"ಹೂಂ," ಎನ್ನುತ್ತಿತ್ತು ಫೋನು.

ಅವರು ತೀರಿಕೊಂಡ ಮೇಲೆ ಡಾಕ್ಟರು ಒಂದು ದೊಡ್ಡ ಕಂಪನಿಗೆ ಫೋನು ಮಾಡಿ ನೋಡಿದ್ದರು.

"ಪಂಪ್ ಬದಲಾಯಿಸ್ಲಾ?"

"ಬದಲಾಯಿಸಿ ಸಾರ್, ಕಳಿಸ್ತೀವಿ."

"ಇಲ್ಲ, ಇದೇ ಇರಲಾ?"

"ಇರ್ಲಿ ಸಾರ್, ತುಂಬಾ ಒಳ್ಳೇದು."

ಇಂಥವರ ಕೈಯಲ್ಲಿ ಹಲ್ಲು ಕೂಡ ಕೀಳಿಸಿಕೊಳ್ಳಬಾರದು ಎಂದುಕೊಂಡು ಡಾಕ್ಟರು ಫೋನಿಟ್ಟಿದ್ದರು.

ಶನಿವಾರ ಮಧ್ಯಾಹ್ನ, ಹಲ್ಲಿಗೆ ಕ್ಯಾಪ್ ಹಾಕಿಸಿಕೊಳ್ಳಲು ಬಂದವರೊಬ್ಬರು ಬಾಯಿ ತೆರೆದು ಮಲಗಿದ್ದಾಗ, ಡಾಕ್ಟರ ಬೆರಳು ತಾನಾಗಿ ಹಳೆಯ ನಂಬರು ಒತ್ತಿತು. ಎತ್ತಿದವರು ಹಿತ್ತಾಳೆಯವರ ಹೆಂಡತಿ.

"ನಾನಮ್ಮ, ಹಲ್ಲಿನ ಡಾಕ್ಟ್ರು."

"ಓ, ಮುಕ್ಕಾಲು ಗಂಟೆ ಡಾಕ್ಟ್ರಾ! ಹೇಳಿ. ಅಂಗಡಿ ಖಾಲಿ ಮಾಡ್ತಿದ್ದೀನಿ."

"ಏನಿಲ್ಲ, ಯಜಮಾನರ ನೆನಪಾಯ್ತು. ನಾನು ಏನೇ ಹೇಳಿದ್ರೂ ಎಷ್ಟು ಹೊತ್ತು ಯೋಚಿಸ್ತಿದ್ರು!"

"ಯೋಚನೆ ಎಲ್ಲಿ ಬಂತು? ನಿಮ್ಮ ಫೋನ್ ಅಂದ್ರೆ ರಿಸೀವರ್ ಮೇಜಿನ ಮೇಲಿಟ್ಟು ಊಟಕ್ಕೆ ಕೂರ್ತಿದ್ರು."

ಡಾಕ್ಟರ ಬಾಯಿಯೂ ರೋಗಿಯ ಬಾಯಿಯಷ್ಟೇ ತೆರೆದುಕೊಂಡಿತು. "ಹಾಗಾದ್ರೆ ಆ 'ಹೂಂ'?"

"ಅವರ ಬಾಯಲ್ಲಿ ತುತ್ತಿದ್ದಾಗ ಅದು ನಂದೇ."

ಇಷ್ಟು ವರ್ಷ ತಾವು ಒಬ್ಬ ಮನುಷ್ಯನ ಮುಂದೆ ಮನಸ್ಸು ಬಿಚ್ಚಿದ್ದೋ, ಒಂದು ಖಾಲಿ ಮೇಜಿನ ಮುಂದೆಯೋ? ನಗು ಬರಬೇಕಿತ್ತು, ಬರಲಿಲ್ಲ. ಆದರೂ ಆ ಮೌನದಿಂದ ಅವರು ಒಮ್ಮೆಯೂ ಬರಿಗೈಯಲ್ಲಿ ಮರಳಿರಲಿಲ್ಲ.

"ಅಮ್ಮ, ಇನ್ನೊಂದು ಸಲ... ಹಾಗೇ ಮೇಜಿನ ಮೇಲಿಡ್ತೀರಾ?"

"ಫೋನನ್ನಾ? ಇಡ್ತೀನಿ ಬಿಡಿ. ನಂದೂ ಊಟ ಆಗಿಲ್ಲ."

ಠಕ್ಕೆಂದಿತು. ಡಾಕ್ಟರು ಶುರು ಮಾಡಿದರು. ಪಂಪ್ ಸರಿಯಿದೆ. ನಳಿಗೆ ಸರಿಯಿದೆ. ಬಾಯ್ಲರಿಗೆ ನೀರು ಹೋಗುವ ಕಡೆ ವಾಲ್ವ್ ಇದೆ, ಅದರೊಳಗೆ ಗುಂಡು ಇದೆ. ನೀರು ನೂಕಿದರೆ ಗುಂಡು ಮೇಲೇಳುತ್ತದೆ, ನೀರು ಒಳಗೆ ಹೋಗುತ್ತದೆ. ಗುಂಡೂ ಸರಿಯಿದೆ. "ಮೇಲಿನ ಕ್ಯಾಪಂತೂ ಹೊಸದೇ. ಹಳೇದು ಮಂಕಾಗಿ ಕಾಣ್ತಿತ್ತು ಅಂತ ನಾನೇ ಚಂದಕ್ಕೆ ಸ್ವಲ್ಪ ದಪ್ಪ ಮಾಡಿ ಹಾಕ್ದೆ."

ಆ ಕಡೆ ದೂರದಲ್ಲಿ ತಟ್ಟೆಯ ಸದ್ದು. ಆಮೇಲೆ ಅದೂ ಇಲ್ಲ.

"ಸ್ವಲ್ಪ ಅಂದ್ರೆ... ಜಾಸ್ತಿನೇ ದಪ್ಪ." ಮೌನ. "ಅಯ್ಯೋ! ಗುಂಡಿಗೆ ಮೇಲೇಳೋಕೆ ಜಾಗ ಎಲ್ಲಿದೆ? ಕ್ಯಾಪ್ ಹಾಕಿ ಅದರ ತಲೆ ಮೇಲೆ ನಾನೇ ಕೂತಿದ್ದೀನಿ!"

ಅವರು ಕಾದರು. ಯಾರೂ ಹೂಂಗುಟ್ಟಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾವೇ ಮೆಲ್ಲಗೆ "ಹೂಂ" ಎಂದು ಫೋನಿಟ್ಟು ತಿರುಗಿದರು. ರೋಗಿ ಎದ್ದು ಕೂತಿದ್ದರು. ಹತ್ತಿಯನ್ನು ಉಗಿದು, "ಡಾಕ್ಟ್ರೇ, ನನಗೆ ತೆಳ್ಳಗೇ ಹಾಕಿ," ಎಂದರು.

ಭಾನುವಾರ ಹಳೆಯ ಮಂಕು ಕ್ಯಾಪಿನೊಂದಿಗೆ ಇಂಜಿನ್ ಹಳಿಗಿಳಿಯಿತು. ಹೆಂಡತಿ, ಭಾವಮೈದುನ ಇಬ್ಬರೂ ಹಿಂದೆ ಕೂತರು. ಮೊದಲ ಸುತ್ತು ಮುಗಿಯಿತು, ಎರಡನೆಯದೂ ಮುಗಿಯಿತು. ಬಾಯ್ಲರಿನ ಗಾಜಿನ ಕೊಳವೆಯಲ್ಲಿ ಇಳಿದ ನೀರು ಪಂಪು ಹೊಡೆದಾಗಲೆಲ್ಲ ಮತ್ತೆ ಏರುತ್ತಿತ್ತು. ಡಾಕ್ಟರು ಬಾಯಿಬಿಡಲಿಲ್ಲ.

"ಯಾಕ್ರೀ, ಮಾತೇ ಇಲ್ಲ? ಹಲ್ಲುನೋವಾ?" ಎಂದರು ಹೆಂಡತಿ. ಆಮೇಲೆ ತಮ್ಮನಿಗೆ, "ಲೇತ್ ಉಳೀತು ಕಣೋ. ಕೊಟ್ಟ ಮಾತು ಮಾತೇ," ಎಂದರು.

"ಲೇತ್ ಇರ್ಲಿ ಅಕ್ಕ. ಪಕ್ಕದಲ್ಲಿ ಒಂದು ಚಾಪೆ ಹಾಸೋಕೆ ಜಾಗ ಇದ್ದೇ ಇದೆ. ಏನಂತೀರಾ ಭಾವ?"

ಡಾಕ್ಟರ ಬೆನ್ನು ಏನೂ ಹೇಳಲಿಲ್ಲ.

"ಅಂದ್ರೆ, ಸ್ವಲ್ಪ ದಿನದ ಮಟ್ಟಿಗೆ..."

ಬೆನ್ನು ಸುಮ್ಮನಿತ್ತು. ಇಂಜಿನ್ ಮಾತ್ರ ಚುಕ್ ಚುಕ್ ಎನ್ನುತ್ತಿತ್ತು.

"ರಾತ್ರಿ ನಂದು ಗೊರಕೆ ಜಾಸ್ತಿ, ಅದೂ ನಿಜ." ಅರ್ಧ ಸುತ್ತು ಕಳೆಯಿತು. "ಬೇಡ ಬಿಡಿ ಭಾವ. ಬೇರೆ ಮನೆ ನೋಡ್ಕೋತೀನಿ."

ಡಾಕ್ಟರು ಇದ್ಯಾವುದನ್ನೂ ಕೇಳಿಸಿಕೊಂಡಿರಲಿಲ್ಲ. ಅವರ ಕಣ್ಣೂ ಕಿವಿಯೂ ಗಾಜಿನೊಳಗಿನ ನೀರಿನ ಮೇಲಿದ್ದವು.